ಬೆನ್ ದೌ ಸೇತುವೆಯ ಕಿಂಡಿ

ಮಾರ್ಚ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಎಂಟರ ಹೊತ್ತಿಗೆ ಬೆನ್ ದೌ ಠಾಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಹೊರಗೆ ವಾರದಿಂದ ಹಿಡಿದ ಜಿನುಗು. ಅದು ಪೂರ್ತಿ ಮಳೆಯೂ ಅಲ್ಲ, ಬರೀ ಮಂಜೂ ಅಲ್ಲ. ಬಟ್ಟೆ ಒಣಗಲು ಬಿಡದೆ, ಗೋಡೆಗಳನ್ನೂ ಬೆವರಿಸುವ ಹನೋಯ್‌ನ ಪಿರಿಪಿರಿ. ಹೆಂಗಸು ತಾಳೆಗರಿಯ ಟೋಪಿಯನ್ನು ತೆಗೆದು ನೀರು ಕೊಡವಿದಳು. ಒಳಗೆ ಬರಲಿಲ್ಲ.

“ಏನಾಗಬೇಕಿತ್ತು ಚಿಕ್ಕಮ್ಮ?” ಎಂದ ಕಾನ್‌ಸ್ಟೇಬಲ್ ಲುಯೆನ್.

“ನನ್ನ ಹೆಸರು ಸಿಮ್. ಥಾಯ್ ಬಿನ್ ಕಡೆಯವಳು. ದ್ಯೆಪ್ ನನ್ನ ಮಗಳು.”

ಲುಯೆನ್ ಎದ್ದು ನಿಂತ. ಶನಿವಾರ ಮರಳು ತೆಗೆಯುವ ದೋಣಿಯವರು ಕೆಂಪು ನದಿಯಿಂದ ಎತ್ತಿದ ಹೆಣ ದ್ಯೆಪ್‌ಳದು. ವಯಸ್ಸು ಇಪ್ಪತ್ತಮೂರು. ಗುರುವಾರ ಸಂಜೆ ಸೇತುವೆಯ ನಡುವೆ ಅವಳ ಚಪ್ಪಲಿ ಸಿಕ್ಕಿದ್ದವು. ಆತ್ಮಹತ್ಯೆ ಎಂದು ಬರೆದಾಗಿತ್ತು.

“ಕಾಗದ ತಯಾರಿದೆ ಚಿಕ್ಕಮ್ಮ. ನೀವೊಂದು ಸಹಿ ಹಾಕಿದ್ರೆ ಆಸ್ಪತ್ರೇಲಿ ದೇಹ ಕೊಡ್ತಾರೆ.”

“ಸಹಿ ಹಾಕಕ್ಕೆ ಬಂದಿಲ್ಲ. ದೂರು ಕೊಡಕ್ಕೆ ಬಂದಿದೀನಿ.”

“ಯಾರ ಮೇಲೆ?”

“ಅದನ್ನ ನೀವು ಹುಡುಕಬೇಕು.”

ಮಾತು ಕೇಳಿ ಇನ್ಸ್‌ಪೆಕ್ಟರ್ ತ್ವಾನ್ ತನ್ನ ಕೋಣೆಯಿಂದ ಈಚೆ ಬಂದ. ನಲವತ್ತೆಂಟರ ಗಂಡಸು, ಅದೇ ಠಾಣೆಯಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ ಮೇಲೆ ಬಂದವನು. ಸೇತುವೆಯಿಂದ ಹಾರಿದವರ ತಾಯಂದಿರನ್ನು ಅವನು ಬಹಳ ನೋಡಿದ್ದ. ಹೆಚ್ಚಿನವರು ಅಳುತ್ತಿದ್ದರು, ಕೆಲವರು ನಂಬುತ್ತಿರಲಿಲ್ಲ. ಈಕೆ ಎರಡೂ ಮಾಡಲಿಲ್ಲ. ಒಳಗೆ ಬಂದು, ಆಸ್ಪತ್ರೆಯವರು ಕೊಟ್ಟಿದ್ದ ಒಂದು ನೀಲಿ ಕೈಗವಸನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಉಣ್ಣೆಯದು, ಬಲಗೈದು. ನೀರಲ್ಲಿ ನೆನೆದು ಒಣಗಿ ಗಟ್ಟಿಯಾಗಿತ್ತು.

“ಮುಟ್ಟಿ ನೋಡಿ.”

ತ್ವಾನ್ ಮುಟ್ಟಿದ. ಮೂರು ಬೆರಳುಗಳಲ್ಲಿ ಹತ್ತಿ ತುಂಬಿತ್ತು.

“ನಾನೇ ಹೆಣೆದದ್ದು. ಫ್ಯಾಕ್ಟರಿ ಮಿಷಿನ್ನು ಅವಳ ಮೂರು ಬೆರಳು ತಿಂತು, ಆಮೇಲೆ ಅವಳು ಬೇಡ ಅಂದ್ರು. ಅನ್ನ ತಿನ್ನೋ ಕಡ್ಡಿ ಹಿಡಿಯಕ್ಕೂ ಆಗ್ತಿರಲಿಲ್ಲ ಅವಳಿಗೆ. ನಿನ್ನೆ ನಾನು ಸೇತುವೆ ಹತ್ತಿ ಬಂದೆ ಸಾಹೇಬ್ರೆ. ಚಪ್ಪಲಿ ಸಿಕ್ಕ ಜಾಗದಲ್ಲಿ ಜಾಲರಿ ನನಗಿಂತ ಒಂದು ತೋಳು ಎತ್ತರ ಇದೆ, ಮೇಲ್ಗಡೆ ಒಳಕ್ಕೆ ಬಾಗಿದೆ. ನಿಮ್ಮ ಕಾಗದದಲ್ಲಿ ‘ಜಾಲರಿ ಹತ್ತಿ’ ಅಂತ ಬರೆದಿದೀರಂತೆ. ಎರಡು ಕೈ ಇರೋರು ನೀವು, ಒಂದ್ಸಲ ಹತ್ತಿ ತೋರಿಸಿ.”

ತ್ವಾನ್ ಮೇಜಿನ ಮೇಲಿದ್ದ ಕಾಗದವನ್ನು ತನ್ನತ್ತ ಎಳೆದುಕೊಂಡ. ಆ ಕಾಗದದ ಕೆಳಗಿನ ಸಹಿ ಅವನದೇ.

“ಅವಳು ಸಾಯ್ಬೇಕು ಅಂತಲೇ ಹೋಗಿರಬಹುದು,” ಎಂದಳು ಸಿಮ್. “ಇಲ್ಲ ಅನ್ನಲ್ಲ ನಾನು. ಆದ್ರೆ ಅಲ್ಲೊಂದು ಬಾಗಿಲಿದೆ. ಯಾರೋ ಕತ್ತರಿಸಿ, ಮತ್ತೆ ದಾರ ಕಟ್ಟಿಟ್ಟಿದಾರೆ. ಬಾಗಿಲು ಇಟ್ಟೋರು ಯಾರು ಅಂತ ಕೇಳ್ತಿದೀನಿ, ಅಷ್ಟೇ.”

ಎಂಟೂ ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಸೇತುವೆಯ ಮೇಲೆ ಸ್ಕೂಟರ್, ಬಸ್ಸು, ಹೂವಿನ ಸೈಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ಹೋಗುತ್ತಿದ್ದವು. ಕೆಳಗೆ ಕೆಂಪು ನದಿ ಇಟ್ಟಿಗೆ ತೊಳೆದ ನೀರಿನ ಬಣ್ಣದಲ್ಲಿ ಹರಿಯುತ್ತಿತ್ತು. ಆಚೆ ದಡ ಕಾಣುತ್ತಿರಲಿಲ್ಲ. ನಡುವಿನ ದೀಪಕಂಬದ ಬಳಿ ತ್ವಾನ್ ಮತ್ತು ಲುಯೆನ್ ಬೈಕು ನಿಲ್ಲಿಸಿದರು.

ಹೆಂಗಸು ಹೇಳಿದ್ದು ನಿಜ. ದೂರದಿಂದ ನೋಡಿದರೆ ಜಾಲರಿ ಅಖಂಡವಾಗಿತ್ತು. ಬಗ್ಗಿ ನೋಡಿದರೆ ನೆಲದಿಂದ ಎದೆಮಟ್ಟದವರೆಗೆ ಮೂರು ಬದಿ ಕತ್ತರಿಸಿತ್ತು. ಒಂದು ಬದಿ ಬಾಗಿಲಿನ ಕೀಲಿನಂತೆ ಉಳಿದಿತ್ತು. ಮುಚ್ಚಿಡಲು ಕೆಂಪು ನೈಲಾನ್ ದಾರ. ಎಡಗೈ ಒಂದರಲ್ಲೇ ಎಳೆದರೆ ಬಿಚ್ಚುವ ಗಂಟು.

ಪಂಚನಾಮೆಗೆ ಇಬ್ಬರು ಸಾಕ್ಷಿ ಬೇಕು. ಸೇವಂತಿಗೆ ಮಾರುವ ಹೆಂಗಸೊಬ್ಬಳು ಸಿಕ್ಕಳು. ಇನ್ನೊಬ್ಬ ಬಾಡಿಗೆ ಬೈಕಿನ ಖಾಂಗ್. ದಿನವಿಡೀ ಸೇತುವೆಯ ಬುಡದಲ್ಲಿ ನಿಂತು ಗಿರಾಕಿ ಕಾಯುವವನು.

“ಸಹಿ ಹಾಕ್ತೀನಿ, ಸಂಬಳ ಎಷ್ಟು?” ಎಂದ ಖಾಂಗ್.

“ನಿನ್ನ ಹೆಲ್ಮೆಟ್ ಎಲ್ಲಿ ಅಂತ ಕೇಳಲ್ಲ, ಅದೇ ಸಂಬಳ,” ಎಂದ ಲುಯೆನ್.

“ಆಹಾ, ಬುದ್ಧಿ ನೋಡು! ಮೀನಿಲ್ಲದಿದ್ರೆ ಮರದ ಮೀನಿಟ್ಕೊಂಡು ಉಣ್ಣೋ ಊರಿಂದ ಬಂದೋರು ನೀವು, ಕೊಡಕ್ಕೆ ಕೈ ಎಲ್ಲಿ ಬರುತ್ತೆ.”

ಹೂವಿನ ಹೆಂಗಸು ನಕ್ಕಳು. ಲುಯೆನ್‌ನದು ಬಡ ನಾಡಾದ ಙೆ ಆನ್. ಠಾಣೆಯಲ್ಲೂ ದಿನಕ್ಕೊಮ್ಮೆ ಈ ಮಾತು ಕೇಳಿ ಅವನಿಗೆ ಅಭ್ಯಾಸ.

ತ್ವಾನ್ ಮಂಡಿಯೂರಿ ಕತ್ತರಿಸಿದ ತುದಿಗಳನ್ನು ನೋಡುತ್ತಿದ್ದ. ಕೆಳಗಿನವು ತುಕ್ಕು ಹಿಡಿದಿದ್ದವು. ಮೇಲಿನವು ಇನ್ನೂ ಹೊಳೆಯುತ್ತಿದ್ದವು. ಒಂದೊಂದು ತಂತಿಗೂ ಎರಡು ಮೂರು ಕಚ್ಚು. ಒಂದೇ ಸಲಕ್ಕೆ ತುಂಡಾಗಿರಲಿಲ್ಲ.

“ಏನನ್ನಿಸುತ್ತೆ?” ಎಂದು ಕೇಳಿದ.

“ಗುಜರಿ ಕಳ್ಳರು ಸಾರ್.”

“ಕಳ್ಳ ಕತ್ತರಿಸಿದ ಮೇಲೆ ಒಯ್ಯಬೇಕಲ್ಲ. ಇದು ಇಲ್ಲೇ ಇದೆ.”

“ಅರ್ಧಕ್ಕೆ ಯಾರಾದ್ರೂ ಬಂದಿರಬಹುದು.”

“ಒಂದು ದಿನದ ಕೆಲಸ ಅಲ್ಲ ಇದು. ಸ್ವಲ್ಪ ಸ್ವಲ್ಪವೇ, ವಾರಗಟ್ಟಲೆ ಕತ್ತರಿಸಿದಾರೆ. ಕೈಯಲ್ಲಿ ಬಲ ಇಲ್ಲದೋರು. ಕೂತು ಕತ್ತರಿಸಿದಾರೆ, ನಿಂತಲ್ಲ.” ತ್ವಾನ್ ಎದ್ದು ಮಂಡಿ ಒರೆಸಿಕೊಂಡ. “ಕ್ಯಾಮೆರಾ?”

ಕಂಬದ ಮೇಲಿನ ಕ್ಯಾಮೆರಾ ರಸ್ತೆಯ ಕಡೆ ನೋಡುತ್ತಿತ್ತು. ವಾಹನಗಳ ನಂಬರ್ ಹಿಡಿಯಲು ಹಾಕಿದ್ದು. ಕಾಲುದಾರಿ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ.

“ಹಾಗಾದ್ರೆ ಥೊಮ್ ಅಜ್ಜಿಯನ್ನೇ ಕೇಳಬೇಕು,” ಎಂದ ಲುಯೆನ್. ತ್ವಾನ್‌ಗೂ ಅದೇ ಹೊಳೆದಿತ್ತು. ಬೆನ್ ದೌನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು.

ಸೇತುವೆಯ ಬುಡದಲ್ಲಿ, ಮೆಟ್ಟಿಲು ಶುರುವಾಗುವ ಕಡೆ ಥೊಮ್ ಅಜ್ಜಿಯ ಟೀ ಅಂಗಡಿ. ಅಂಗಡಿಯೆಂದರೆ ಮೇಲೊಂದು ಟಾರ್ಪಾಲು, ಬುಟ್ಟಿಯೊಳಗೆ ಬೆಚ್ಚಗೆ ಕೂತ ಟೀ ಮಡಕೆ, ಕಡಲೆ ಮಿಠಾಯಿಯ ಗಾಜಿನ ಭರಣಿ, ಬಿದಿರಿನ ಹುಕ್ಕಾ, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು. ನದಿಗೆ ಹಾರಬೇಕೆಂದು ನಡೆದು ಬರುವವರು ಆ ಮೆಟ್ಟಿಲನ್ನೇ ಹತ್ತಬೇಕು. ಅಜ್ಜಿ ಅವರ ನಡಿಗೆಯಲ್ಲೇ ಗುರುತು ಹಿಡಿಯುತ್ತಿದ್ದಳು. “ಏ ಮಗಾ, ಟೀ ಆರಿಹೋಗ್ತಿದೆ, ಬಾ ಕೂತ್ಕೋ” ಎಂದು ಕೂಗಿ, ಕೈ ಹಿಡಿದು ಕೂರಿಸಿ, ಮನೆಯವರು ಬರುವ ತನಕ ಆ ಕೈ ಬಿಡುತ್ತಿರಲಿಲ್ಲ. ಹೀಗೆ ಹಿಂದಕ್ಕೆ ಕಳಿಸಿದವರು ಎಷ್ಟು ಮಂದಿ ಎಂದು ಅವಳೂ ಲೆಕ್ಕ ಇಟ್ಟಿರಲಿಲ್ಲ. ಅವರಲ್ಲೊಬ್ಬ ಮೇಷ್ಟ್ರು ಹೊಸವರ್ಷದ ತೆತ್ ಹಬ್ಬಕ್ಕೆ ಪ್ರತಿ ಸಲ ಒಂದು ಚಕ್ಕೋತ ಹಣ್ಣು ತಂದು ಇಟ್ಟು ಹೋಗುತ್ತಿದ್ದ. ಎರಡು ವರ್ಷದ ಕೆಳಗೆ ಜಾಲರಿ ಬಂದಾಗ, ಬಡಾವಣೆಯವರು ಅವಳಿಗೆ ಪ್ರಶಸ್ತಿ ಪತ್ರ ಕೊಟ್ಟಿದ್ದರು. ಕೊಡಿಸಿದವನು ತ್ವಾನ್.

“ಬಾ ತ್ವಾನ್ ತಮ್ಮ,” ಎಂದಳು ಅಜ್ಜಿ. ಎರಡು ಲೋಟ ಟೀ ಬಗ್ಗಿಸಿದಳು. “ಇವನಿಗೆ ಮದುವೆ ಆಯ್ತಾ?”

“ನನ್ನ ಊರಿನ ಹೆಸರು ಕೇಳಿದ್ರೆ ಹುಡುಗೀರು ಓಡಿಹೋಗ್ತಾರೆ ಅಜ್ಜಿ,” ಎಂದ ಲುಯೆನ್.

ಅಜ್ಜಿ ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು.

ತ್ವಾನ್ ಕೇಳಿದ: “ಗುರುವಾರ ಸಂಜೆ ಒಂದು ಹುಡುಗಿ. ಬಲಗೈಗೆ ನೀಲಿ ಗವಸು. ಕಂಡಿದ್ರಾ?”

“ಇಲ್ಲಪ್ಪ.”

“ಐದೂವರೆ, ಆರರ ಹೊತ್ತು.”

“ಅವತ್ತು ಮಂಡಿ ನೋವು. ಬೇಗ ಮುಚ್ಚಿ ಮನೆಗೆ ಹೋಗಿದ್ದೆ.”

“ಮೇಲೆ ಜಾಲರಿ ಯಾರೋ ಕತ್ತರಿಸಿದಾರೆ. ತಿಂಗಳಿಂದ ನಡೀತಿರೋ ಕೆಲಸ. ಯಾರಾದ್ರೂ ಅಲ್ಲಿ ಕೂತಿದ್ದು ಕಣ್ಣಿಗೆ ಬಿತ್ತಾ?”

“ಮಂಜಿನಲ್ಲಿ ಏನು ಕಾಣುತ್ತೆ ತಮ್ಮ. ಟೀ ಕುಡಿ.”

ತ್ವಾನ್ ಟೀ ಕುಡಿದ. ಹದಿನೈದು ವರ್ಷದಿಂದ ಕುಡಿದ ಟೀ. ಏಳುವಾಗ ಅಜ್ಜಿಯ ಕೈ ನೋಡಿದ. ಬಲಗೈ ಹೆಬ್ಬೆರಳ ಬುಡದಲ್ಲಿ ಬಟ್ಟೆ ಸುತ್ತಿತ್ತು. ಬಿಸಿ ಮಡಕೆ ತಗುಲಿರಬೇಕು ಅಂದುಕೊಂಡ.

ಮಧ್ಯಾಹ್ನ ಲುಯೆನ್ ಗುಜರಿ ತೆವ್‌ನನ್ನು ಕರೆತಂದ. ದಡದ ಗುಡಿಸಲುಗಳಲ್ಲಿ ತಂತಿ, ತಗಡು ಏನು ಕಳುವಾದರೂ ಮೊದಲು ಬರುವುದು ಅವನ ಹೆಸರು. ಅವನ ತಳ್ಳುಗಾಡಿಯಲ್ಲಿ ಉದ್ದ ಹಿಡಿಯ ಕತ್ತರಿ ಸಿಕ್ಕಿತ್ತು. ಬಾಯಿ ಎರಡು ಕಡೆ ಮುಕ್ಕಾಗಿತ್ತು.

“ಇದು ನಿಂದೇನಾ?”

“ನಂದೇ ಸಾಹೇಬ್ರೆ.”

“ಸೇತುವೆ ಜಾಲರಿ ಕತ್ತರಿಸಿದ್ಯಾ?”

“ಕತ್ತರಿಸಿದ್ರೆ ಬಿಟ್ಟು ಬರ್ತೀನಾ? ಕಬ್ಬಿಣ ಕತ್ತರಿಸಿ ಅಲ್ಲೇ ನೇತುಹಾಕಿ ಬಂದ ಅಂತ ಗೊತ್ತಾದ್ರೆ ಗುಜರಿಯೋರು ನನ್ನನ್ನ ಕುಲದಿಂದ ಹೊರಗೆ ಹಾಕ್ತಾರೆ.”

“ಬಾಯಿ ಮುಕ್ಕಾಗಿದ್ದು ಹೇಗೆ?”

“ಅದಾ, ಅದು ನಾನಲ್ಲ. ತೆತ್‌ಗೆ ಮುಂಚೆ ಥೊಮ್ ಅಜ್ಜಿ ಇಸ್ಕೊಂಡಿದ್ದಳು. ಕೋಳಿಗೂಡಿನ ತಂತಿ ಕತ್ತರಿಸಬೇಕು ಅಂದಳು. ಮೊನ್ನೆ ವಾಪಸ್ ಕೊಟ್ಟಾಗ ನೋಡ್ತೀನಿ, ಬಾಯಿ ಹೀಗಾಗಿದೆ. ಏನಜ್ಜಿ, ಕೋಳಿಗೂಡೋ ಜೈಲೋ ಅಂತ ಬೈದೆ. ಪಾಪ, ಒಂದು ಹಿಡಿ ಕಡಲೆ ಮಿಠಾಯಿ ಕೊಟ್ಟಳು.”

ಲುಯೆನ್ ಬರೆಯುವುದನ್ನು ನಿಲ್ಲಿಸಿದ. ತ್ವಾನ್ ಕತ್ತರಿಯನ್ನೇ ನೋಡುತ್ತ ಕೇಳಿದ: “ಮೊನ್ನೆ ಅಂದ್ರೆ?”

“ಶುಕ್ರವಾರ. ಬೆಳಿಗ್ಗೆ.”

ತೆವ್ ಹೊರಗೆ ಹೋದ ಮೇಲೆ ಲುಯೆನ್ ಬಾಗಿಲು ಮುಚ್ಚಿದ.

“ಅವಳು ಕೋಳಿ ಸಾಕಲ್ಲ ಸಾರ್,” ಎಂದ ಲುಯೆನ್.

“ಗೊತ್ತು.”

“ತೆವ್ ಸುಳ್ಳು ಹೇಳ್ತಿರಬಹುದು.”

“ಹೇಳ್ತಿರಬಹುದು. ಖಾಂಗ್‌ನನ್ನ ಕರಿ.”

ಖಾಂಗ್ ಬೆಳಗಿನ ಗತ್ತಿನಲ್ಲೇ ಬಂದ. ಮೇಜಿನ ಮೇಲಿನ ಕತ್ತರಿಯನ್ನೂ ತ್ವಾನ್‌ನ ಮುಖವನ್ನೂ ನೋಡಿ ಹೆಗಲು ಇಳಿಸಿದ.

“ಗುರುವಾರ ಸಂಜೆ ನೀನು ಸೇತುವೆ ಬುಡದಲ್ಲಿದ್ದೆ?”

“ಎಂದಿನ ಹಾಗೆ.”

“ಟೀ ಅಂಗಡಿ ತೆಗೆದಿತ್ತಾ?”

ಖಾಂಗ್ ಬಾಗಿಲ ಕಡೆ ನೋಡಿದ.

“ಖಾಂಗ್, ಕೇಳಿದ್ದಕ್ಕೆ ಹೇಳು.”

“ನನ್ನ ತಮ್ಮ ಇವತ್ತು ಬದುಕಿರೋದು ಆ ಮುದುಕಿಯಿಂದ. ನಿಮಗೂ ಗೊತ್ತು. ನನ್ನ ಬಾಯಿಂದ ಹೇಳಿಸಬೇಡಿ.”

“ತೆಗೆದಿತ್ತಾ?”

“ತೆಗೆದಿತ್ತು.” ಅವನು ಮುಖ ಪಕ್ಕಕ್ಕೆ ತಿರುಗಿಸಿದ. “ಹುಡುಗಿ ಅಲ್ಲೇ ಕೂತಿದ್ದಳು. ಬಹಳ ಹೊತ್ತು. ಅಳ್ತಾ ಇದ್ದಳು, ಸದ್ದಿಲ್ಲದೆ. ನಾನು ಅಂದ್ಕೊಂಡೆ, ಅಜ್ಜಿ ಇದಾಳಲ್ಲ, ನೋಡ್ಕೋತಾಳೆ ಅಂತ. ನಾವೆಲ್ಲ ಹಾಗೇ ಅಂದ್ಕೊಳ್ಳೋದು. ಆದ್ರೆ ಅಜ್ಜಿ ಅವಳ ಕೈ ಹಿಡೀಲಿಲ್ಲ. ಬೆನ್ನು ತಿರುಗಿಸಿ ಲೋಟ ತೊಳೀತಾ ಇದ್ದಳು. ತೊಳೆದ ಲೋಟಾನೇ ಮತ್ತೆ ತೊಳೀತಾ ಇದ್ದಳು. ನನಗೆ ಅಷ್ಟರಲ್ಲಿ ಗಿರಾಕಿ ಸಿಕ್ಕಿತು, ಹೋದೆ. ತಿರುಗಿ ಬಂದಾಗ ಸ್ಟೂಲು ಖಾಲಿ.”

“ಬೆಳಿಗ್ಗೆ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ. ಕೇಳದೇ ಇರಲಿ ಅಂತ ಬೇಡ್ಕೋತಿದ್ದೆ.”

ಮೂರೂವರೆಗೆ ತ್ವಾನ್ ಮತ್ತು ಲುಯೆನ್ ನದಿದಡಕ್ಕೆ ಇಳಿದರು. ಬಾಳೆ ತೋಟದ ಅಂಚಿನಲ್ಲಿ, ಪ್ರವಾಹ ಬಂದರೆ ಎತ್ತಿ ಇಡಬಹುದಾದಂಥ ತಗಡಿನ ಮನೆಗಳು. ಥೊಮ್ ಅಜ್ಜಿ ಅವತ್ತು ಪೊಲೀಸರು ಬಂದು ಹೋದ ಮೇಲೆ ಅಂಗಡಿ ಮುಚ್ಚಿಬಿಟ್ಟಿದ್ದಳು. ಬಾಗಿಲು ತೆರೆದೇ ಇತ್ತು. ಅವಳು ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

“ಒಳಗೆ ಬನ್ನಿ. ಚಪ್ಪಲಿ ಇರಲಿ, ನೆಲ ಒದ್ದೆ.”

ಒಳಗೆ ಒಂದು ಮಂಚ, ಒಂದು ಒಲೆ, ಗೋಡೆಗೆ ಪೂಜೆಯ ಹಲಗೆ. ಹಲಗೆಯ ಮೇಲೆ ಅವಳ ಮಗ ಕ್ಯೆನ್‌ನ ಫೋಟೋ. ಏಳು ವರ್ಷದ ಹಿಂದೆ ಅವನ ಬೈಕು ಸೇತುವೆಯ ನಡುವಿನ ದೀಪಕಂಬದ ಬಳಿ ನಿಂತಿತ್ತು. ಎಂಜಿನ್ ಆರಿಸಿ, ಕೀಲಿ ಅದರಲ್ಲೇ ಬಿಟ್ಟು ಹೋಗಿದ್ದ. ನದಿ ಅವನನ್ನು ಹಿಂದಕ್ಕೆ ಕೊಡಲೇ ಇಲ್ಲ. ಹುಡುಕಿದ ದೋಣಿಯಲ್ಲಿ ತ್ವಾನ್ ಕೂಡ ಇದ್ದ. ಅಜ್ಜಿ ಸೇತುವೆಯ ಬುಡದಲ್ಲಿ ಅಂಗಡಿ ಇಟ್ಟಿದ್ದು ಅದಾದ ಮೇಲೆ ಎಂದು ಈಚೆಗೆ ಬಂದವರು ತಿಳಿದಿದ್ದರು. ನಿಜ ಅದಲ್ಲ. ಅಂಗಡಿ ಮೊದಲೇ ಇತ್ತು. ಮಗ ಆ ಸಂಜೆ ಅವಳ ಮುಂದೆಯೇ ಮೇಲೆ ಹೋಗಿದ್ದ. “ಬರ್ತೀನಮ್ಮ” ಎಂದು ಕೈ ಬೀಸಿದ್ದ. ಆಮೇಲೆ ಅವಳು ಮೇಲೆ ಹೋಗುವವರ ಕೈ ಹಿಡಿಯಲು ಶುರುಮಾಡಿದಳು.

ಫೋಟೋದ ಮುಂದೆ ಎರಡು ಅನ್ನದ ಬಟ್ಟಲಿದ್ದವು. ತ್ವಾನ್ ನೋಡಿದ. ಒಂದು ಹಳೆಯದು. ಇನ್ನೊಂದು ಅಂಗಡಿಯ ಚೀಟಿಯೂ ಕಿತ್ತಿರದ ಹೊಸ ಬಟ್ಟಲು.

“ಎರಡನೇದು ಯಾರಿಗೆ ಅಕ್ಕ?”

ಅಜ್ಜಿ ಸೊಪ್ಪಿನ ತಟ್ಟೆಯನ್ನು ನೆಲಕ್ಕಿಟ್ಟಳು. “ನಿನಗೆ ಗೊತ್ತಾಗಿ ಬಂದಿದೀಯ. ಮತ್ತೆ ಯಾಕೆ ಕೇಳ್ತೀಯ.”

“ಕೇಳಲೇಬೇಕು. ಜಾಲರಿ ಕತ್ತರಿಸಿದ್ದು ನೀವಾ?”

“ನಾನೇ.”

“ಯಾವಾಗ?”

“ತೆತ್‌ಗೆ ಮುಂಚೆ ಶುರುಮಾಡ್ದೆ. ಬೆಳಗಾಗೋ ಮುಂಚೆ ಅಂಗಡಿ ಇಡೋ ಹೊತ್ತಿಗೆ ಹೋಗ್ತಿದ್ದೆ. ದಿನಕ್ಕೆ ಒಂದು ತಂತಿ, ಎರಡು ತಂತಿ. ಕೈಲಿ ಆಗ್ತಿರಲಿಲ್ಲ.” ಹೆಬ್ಬೆರಳ ಬಟ್ಟೆ ಬಿಚ್ಚಿ ತೋರಿಸಿದಳು. ಬೊಬ್ಬೆ ಒಡೆದು ಕೀವಾಗಿತ್ತು.

“ಯಾಕೆ?”

ಅಜ್ಜಿ ಬಟ್ಟೆಯನ್ನು ಮತ್ತೆ ಬೆರಳಿಗೆ ಸುತ್ತಿಕೊಂಡಳು. ಲುಯೆನ್ ಬಾಗಿಲ ಬಳಿ ನಿಂತಿದ್ದವನು, “ಅಜ್ಜಿ, ಯಾರಾದ್ರೂ ಹೆದರಿಸಿ ಮಾಡಿಸಿದ್ರಾ? ಹೇಳಿ, ನಾವಿದೀವಿ,” ಎಂದ.

“ಯಾರೂ ಮಾಡಿಸಲಿಲ್ಲ ಮಗಾ. ನಿಮ್ಮೂರಲ್ಲಿ ನೀರಲ್ಲಿ ಸತ್ತೋರನ್ನ ಏನಂತಾರೆ?”

ಲುಯೆನ್ ತ್ವಾನ್‌ನತ್ತ ನೋಡಿದ. “ನೀರು ಬಿಡಲ್ಲ ಅಂತಾರೆ. ಇನ್ನೊಬ್ಬರು ಬಂದು ಆ ಜಾಗ ತುಂಬೋ ತನಕ ಬಿಡಲ್ಲ ಅಂತ.”

“ಹೂಂ. ಇಲ್ಲೂ ಹಾಗೇ ಅಂತಾರೆ. ನಾನು ನಂಬಿರಲಿಲ್ಲ. ಆರು ವರ್ಷ ನಂಬಲಿಲ್ಲ. ಬಂದೋರನ್ನೆಲ್ಲ ಎಳೆದು ಕೂರಿಸ್ದೆ, ಟೀ ಕುಡಿಸ್ದೆ, ಮನೆಗೆ ಕಳಿಸ್ದೆ. ಹೋದ ವರ್ಷ, ಸತ್ತೋರು ತಿರುಗಾಡೋ ಭೂತಗಳ ತಿಂಗಳಲ್ಲಿ, ಅವನು ಕನಸಿಗೆ ಬಂದ. ತಲೆಯಿಂದ ನೀರು ಸುರೀತಿತ್ತು. ತುಟಿ ನೀಲಿ. ಅಮ್ಮ, ಚಳಿ ಅಂದ. ಎಲ್ಲರನ್ನೂ ಮನೆಗೆ ಕಳಿಸ್ತೀಯಲ್ಲಮ್ಮ, ನಾನು ಯಾವಾಗ ಬರಲಿ ಅಂದ.”

ಹೊರಗೆ ಯಾರದೋ ರೇಡಿಯೋ ಹಾಡುತ್ತಿತ್ತು.

“ದಿನಾ ಬಂದ ತ್ವಾನ್. ದಿನಾ ಅದೇ ಮಾತು. ಮೇಷ್ಟ್ರು ಚಕ್ಕೋತ ತಂದಿಟ್ಟಾಗ ಹಣ್ಣು ನೋಡಿ ನನಗೆ ಹೊಟ್ಟೆ ಉರೀತು. ಇವನನ್ನ ಬಿಟ್ಟಿದ್ರೆ ನನ್ನ ಮಗ ಬರ್ತಿದ್ದ ಅನ್ನಿಸ್ತು. ಇಂಥ ಯೋಚನೆ ಬಂತು ನನಗೆ. ನನಗೆ!”

“ಕಿಂಡಿ ಮಾಡಿದ ಮೇಲೆ?”

“ಇಬ್ಬರು ಬಂದ್ರು. ಮೊದಲನೆಯವನು ಕುಡಿದಿದ್ದ. ಸುಮ್ಮನೆ ಕೂತಿರಬೇಕು ಅಂದ್ಕೊಂಡಿದ್ದೆ. ಕಾಲು ಕೇಳಲಿಲ್ಲ, ಓಡಿಹೋಗಿ ಹಿಡ್ಕೊಂಡೆ. ಎರಡನೆಯವಳು ಬಸುರಿ. ಅವಳನ್ನೂ ಹಿಡ್ಕೊಂಡೆ. ಮನೆಗೆ ಬಂದು ಅವನ ಫೋಟೋ ಮುಂದೆ ತಲೆ ಚಚ್ಚಿಕೊಂಡೆ. ಮೂರನೆಯವಳು ಬಂದಾಗ...” ಅಜ್ಜಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. “ಅವಳು ಮೆಟ್ಟಿಲು ಹತ್ತುವಾಗ ಕೈ ಮೇಲೆ ಕೂತ್ಕೊಂಡೆ. ತೊಡೆ ಕೆಳಗೆ ಎರಡೂ ಕೈ ಇಟ್ಟು, ಅದರ ಮೇಲೆ ಕೂತ್ಕೊಂಡೆ.”

ತ್ವಾನ್‌ಗೆ ಮುಂದಿನ ಪ್ರಶ್ನೆ ತನಿಖೆಗೆ ಬೇಕಿರಲಿಲ್ಲ. ಆದರೂ ಕೇಳಿದ: “ಆಮೇಲೆ ಬಂದನಾ ಕನಸಲ್ಲಿ?”

“ಇಲ್ಲ. ಅವತ್ತೇ ಮೇಲೆ ಹೋಗಿ ದಾರ ಮತ್ತೆ ಕಟ್ಟಿ ಬಂದು ಮಲಗಿದೆ. ಗುರುವಾರದಿಂದ ಏನೂ ಇಲ್ಲ. ಬಿಡುಗಡೆ ಆಯ್ತೋ, ನನ್ನ ಮುಖ ನೋಡಕ್ಕೆ ಇಷ್ಟ ಇಲ್ಲವೋ ಗೊತ್ತಿಲ್ಲ.”

ನಾಲ್ಕೂ ಹತ್ತಕ್ಕೆ ಬಂಧನ. ಕೈಕೋಳ ಹಾಕಲಿಲ್ಲ. ಅಜ್ಜಿ ಒಲೆ ಆರಿಸಿ, ಪಕ್ಕದ ಮನೆಯವಳಿಗೆ ಬಿಡಿಸಿದ ಸೊಪ್ಪು ಕೊಟ್ಟು, ಲುಯೆನ್‌ನ ಬೈಕಿನ ಹಿಂದೆ ಕೂತಳು.

ಠಾಣೆಯ ಬೆಂಚಿನ ಮೇಲೆ ಸಿಮ್ ಬೆಳಗಿನಿಂದ ಕೂತೇ ಇದ್ದಳು. ಒಳಗೆ ಬಂದ ಮುದುಕಿಯನ್ನು ನೋಡಿ ಸಾಕ್ಷಿ ಇರಬೇಕೆಂದು ಸರಿದು ಜಾಗ ಕೊಟ್ಟಳು. ಥೊಮ್ ಅಜ್ಜಿ ಕೂರಲಿಲ್ಲ.

“ಇವರೇ,” ಎಂದ ತ್ವಾನ್.

ಸಿಮ್‌ಗೆ ಅರ್ಥವಾಗಲು ಹೊತ್ತು ಹಿಡಿಯಿತು. ಯಾರೋ ಗಂಡಸು, ದಾಂಡಿಗ, ಹೊಡೆಯಬಹುದಾದ ಒಬ್ಬನಿಗಾಗಿ ಅವಳು ಕಾದಿದ್ದಳು. ತನ್ನ ತಾಯಿಯ ವಯಸ್ಸಿನ, ಹೆಬ್ಬೆರಳು ಬಾತ ಮುದುಕಿ ಎದುರಿಗೆ ನಿಂತಿದ್ದಳು. ತ್ವಾನ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೇಳಿ ಮುಗಿಸುವ ತನಕ ಸಿಮ್ ಕಣ್ಣು ಮಿಟುಕಿಸಲಿಲ್ಲ.

“ನಿನ್ನ ಅಂಗಡೀಲಿ ಕೂತಿದ್ದಳಾ?” ಎಂದು ಕೇಳಿದಳು.

“ಕೂತಿದ್ದಳು.”

“ಏನಾದ್ರೂ ತಿಂದಳಾ?”

“ಕಡಲೆ ಮಿಠಾಯಿ. ಒಂದು ತುಂಡು.”

“ಏನಂದಳು?”

“ಟೀ ಚೆನ್ನಾಗಿದೆ ಅಂದಳು. ನಮ್ಮಮ್ಮನೂ ಹೀಗೇ ಕಡು ಮಾಡ್ತಾಳೆ ಅಂದಳು.”

ಸಿಮ್ ಎದ್ದಳು. ಹೊಡೆಯುತ್ತಾಳೆಂದು ಲುಯೆನ್ ನಡುವೆ ಬಂದ. ಅವಳು ಹೊಡೆಯಲಿಲ್ಲ.

“ಒಂದು ಮಾತು ಸಾಕಿತ್ತಲ್ಲ,” ಎಂದಳು. “ನೀನು ಬಾ ಅಂದಿದ್ರೆ ಬರ್ತಿದ್ದಳು. ಯಾರು ಕರೆದ್ರೂ ಬರೋಳು ಅವಳು. ಚಿಕ್ಕೋಳಿದ್ದಾಗಿಂದ ಹಾಗೇ.”

“ಗೊತ್ತು,” ಎಂದಳು ಥೊಮ್ ಅಜ್ಜಿ. “ಎರಡು ಸಲ ತಿರುಗಿ ನೋಡಿದಳು.”

ತ್ವಾನ್ ಅಜ್ಜಿಯನ್ನು ಒಳಗೆ ಕಳಿಸಿದ.

ಸಂಜೆ ಮೇಲಧಿಕಾರಿಯ ಫೋನ್ ಬಂತು. “ನಾವು ಪ್ರಶಸ್ತಿ ಕೊಟ್ಟ ಹೆಂಗಸೇ ಅಂತಲ್ಲಪ್ಪ! ಕಾರಣ ಏನು ಬರೀತೀಯ?”

“ಏನು ಬರೀಲಿ ಸಾರ್?”

“ಮೂಢನಂಬಿಕೆ ಅಂತ ಬರಿ. ಮುಗೀತು.”

ತ್ವಾನ್ ಹಾಗೇ ಬರೆದ. ಸಾರ್ವಜನಿಕ ಆಸ್ತಿಗೆ ಹಾನಿ, ಅದರಿಂದ ಒಬ್ಬರ ಸಾವು, ಪ್ರಾಣಾಪಾಯದಲ್ಲಿದ್ದವರಿಗೆ ಬೇಕೆಂದೇ ನೆರವು ನೀಡದಿರುವುದು. ಪ್ರೇರಣೆ: ಮೂಢನಂಬಿಕೆ. ಬರೆದ ಮೇಲೆ ಆ ಪದವನ್ನು ಬಹಳ ಹೊತ್ತು ನೋಡಿದ. ನಂಬಿಕೆ ಕಡೆಯಲ್ಲಿ ಬಂದದ್ದು. ಒದ್ದೆ ಬಟ್ಟೆಯಲ್ಲಿ ನಿಂತ ಮಗನಿಗೆ ಒಣಬಟ್ಟೆ ಕೊಡಲಾಗದ ತಾಯಿ ಮೊದಲಿನಿಂದ ಇದ್ದಳು. ಅದಕ್ಕೆ ಸರ್ಕಾರಿ ಪದ ಯಾವುದೆಂದು ಅವನಿಗೆ ತೋಚಲಿಲ್ಲ.

ಮರುದಿನ ಕೆಲಸದವರು ಬಂದು ಜಾಲರಿಗೆ ಹೊಸ ತುಂಡು ಬೆಸೆದು ಹೋದರು. ಸೇತುವೆಯ ಬುಡದಲ್ಲಿ ಖಾಲಿ ಸ್ಟೂಲುಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಗಿರಾಕಿ ಕಾಯುತ್ತಿದ್ದ ಖಾಂಗ್ ಪೊಲೀಸ್ ಬೈಕು ಕಂಡು ಬೆನ್ನು ತಿರುಗಿಸಿದ.

ಬುಧವಾರ ಮಧ್ಯಾಹ್ನ ಸಿಮ್ ಮಗಳ ದೇಹವನ್ನು ಊರಿಗೆ ಒಯ್ಯುವವಳಿದ್ದಳು. ವ್ಯಾನು ಹೊರಡುವ ಮುಂಚೆ ಸೇತುವೆಗೆ ಹೋಗಿ ಮಗಳ ಜೀವವನ್ನು ಕೂಗಿ ಕರೆಯಬೇಕು ಎಂದಳು. ತ್ವಾನ್ ಜೊತೆಗೆ ಹೋದ. ಅವಳು ಬೆಸೆದ ಜಾಲರಿಯ ಮುಂದೆ ಊದುಬತ್ತಿ ಹಚ್ಚಿ, ಮಗಳ ಅಂಗಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂಗಿದಳು. “ದ್ಯೆಪ್, ಬಾ ಮಗಳೇ, ಮನೆಗೆ ಹೋಗೋಣ.” ಮೂರು ಸಲ ಕೂಗಿದಳು. ಬಸ್ಸುಗಳ ಹಾರ್ನಿನಲ್ಲಿ ಮೂರನೇ ಕೂಗು ತ್ವಾನ್‌ಗೂ ಕೇಳಲಿಲ್ಲ.

ಅಂಗಿ ಮಡಚಿ ಎದೆಗೆ ಹಿಡಿದುಕೊಂಡು ಕೇಳಿದಳು: “ಆ ಮುದುಕಿ ಹೇಳಿದ್ದು ನಿಜಾನಾ ಸಾಹೇಬ್ರೆ?”

“ಯಾವುದು?”

“ಅವಳ ಮಗ ಹೋಗಿ ನನ್ನ ಮಗಳು ಅಲ್ಲಿದಾಳೆ ಅನ್ನೋದು. ಈಗ ಇವಳೂ ಕಾಯ್ಬೇಕಾ?”

“ಇಲ್ಲಮ್ಮ. ಅಂಥದ್ದೇನೂ ಇಲ್ಲ.”

“ನಿಮಗೆ ಹೇಗೆ ಗೊತ್ತು?”

ತ್ವಾನ್ ಬಗ್ಗಿ, ಜಿನುಗಿಗೆ ಆರಿದ್ದ ಊದುಬತ್ತಿಯನ್ನು ಮತ್ತೆ ಹಚ್ಚಿದ.

ಕಾಲುದಾರಿಯಲ್ಲಿ ಜನ ಎಂದಿನಂತೆ ಹೋಗುತ್ತಿದ್ದರು. ಶಾಲೆ ಬಿಟ್ಟ ಹುಡುಗಿಯರು, ಕೊಡೆ ಹಂಚಿಕೊಂಡ ಗಂಡ ಹೆಂಡತಿ, ಒಬ್ಬನೇ ತಲೆ ತಗ್ಗಿಸಿ ನಡೆಯುತ್ತಿದ್ದ ಒಬ್ಬ ತರುಣ. ಸಿಮ್ ಅವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತ ನಿಂತಳು. ಆ ತರುಣ ಹತ್ತಿರ ಬಂದು ದಾಟಿಹೋದ. ಅವಳ ಕಣ್ಣು ಅವನ ಬೆನ್ನಿನ ಹಿಂದೆಯೇ ಹೋಯಿತು, ಬಹಳ ದೂರ.

“ಬನ್ನಿ ಅಮ್ಮ,” ಎಂದ ತ್ವಾನ್. “ವ್ಯಾನು ಕಾಯ್ತಿದೆ.”

ಅವಳು ಕದಲಲಿಲ್ಲ. ಅವನು ಅವಳ ಮೊಣಕೈ ಹಿಡಿದುಕೊಂಡ. ಮೆಟ್ಟಿಲು ಇಳಿದು ವ್ಯಾನಿನ ಬಾಗಿಲು ಹಾಕುವ ತನಕ ಬಿಡಲಿಲ್ಲ.